ಹಡಗಿನ ಹೊಟ್ಟೆಯೊಳಗಿಂದ ಕಂಡ ಯುದ್ಧ

1905ರ ಮೇ ಕೊನೆಯಲ್ಲಿ ಓದಿಗಾಗಿ ಇಂಗ್ಲೆಂಡಿಗೆ ಬಂದಿಳಿದ ಹದಿನೈದರ ಹುಡುಗ ಜವಾಹರಲಾಲ್ ನೆಹರೂ, ಡೋವರ್‌ನಿಂದ ಲಂಡನ್ನಿಗೆ ಹೋಗುವ ರೈಲಿನಲ್ಲಿ ಒಂದು ಸುದ್ದಿ ಓದಿದರು. ತ್ಸುಷಿಮಾ ಜಲಸಂಧಿಯಲ್ಲಿ ಜಪಾನ್ ರಷ್ಯದ ನೌಕಾಪಡೆಯನ್ನು ನುಚ್ಚುನೂರು ಮಾಡಿತ್ತು. ಹುಡುಗನ ಮನಸ್ಸು ಹಿಗ್ಗಿತು. ಈಜಿಪ್ಟಿನ ಮುಸ್ತಫಾ ಕಾಮಿಲ್ ಅದರ ಹಿಂದಿನ ವರ್ಷವೇ ಜಪಾನನ್ನು 'ಉದಯಿಸುವ ಸೂರ್ಯ' ಎಂದು ಕೊಂಡಾಡಿ ಪುಸ್ತಕ ಬರೆದಿದ್ದರು. ತುರ್ಕಿಯ ಲೇಖಕಿ ಹಾಲಿದೆ ಎದಿಬ್ ತಮ್ಮ ಮಗನ ಹೆಸರಿನಲ್ಲಿ ಜಪಾನಿನ ಅಡ್ಮಿರಲ್ ತೊಗೊನ ಹೆಸರನ್ನೂ ಸೇರಿಸಿದರು. ಯುರೋಪಿನ ದರ್ಪದಡಿ ನಲುಗಿದ್ದವರಿಗೆ ಅದು ತಮ್ಮದೇ ಗೆಲುವಾಗಿ ಕಂಡಿತು. ಅದು ಸಹಜವೂ ಹೌದು.

ಆದರೆ ಅದೇ ಕಾಳಗವನ್ನು ಸೋತ ಹಡಗಿನ ಕೆಳ ಅಂತಸ್ತಿನಿಂದ ಕಂಡ ಒಬ್ಬನಿದ್ದ. ರಷ್ಯದ ತಾಂಬೋವ್ ಪ್ರಾಂತದ ರೈತನ ಮಗ, 'ಒರ್ಯೋಲ್' ಯುದ್ಧನೌಕೆಯ ನಾವಿಕ ಅಲೆಕ್ಸೇಯ್ ನೋವಿಕೋವ್. ಮುಂದೆ ಆತ ತನ್ನ ಹೆಸರಿಗೆ 'ಪ್ರಿಬೋಯ್' ಎಂದು ಸೇರಿಸಿಕೊಂಡ. ದಡಕ್ಕೆ ಬಡಿಯುವ ಅಲೆ ಎಂದು ಅದರ ಅರ್ಥ. ಆತನ 'ತ್ಸುಷಿಮಾ' 1930ರ ದಶಕದಲ್ಲಿ ಪ್ರಕಟವಾಯಿತು. 1936ರಲ್ಲಿ ಇಂಗ್ಲಿಷಿಗೂ ಬಂತು.

ಈ ಪುಸ್ತಕ ಹುಟ್ಟಿದ ಬಗೆಯೇ ಒಂದು ಕಥೆ. ಜಪಾನಿನಲ್ಲಿ ಯುದ್ಧಕೈದಿಯಾಗಿದ್ದಾಗ ನೋವಿಕೋವ್ ಬೇರೆ ಬೇರೆ ಹಡಗುಗಳಲ್ಲಿ ಬದುಕುಳಿದವರನ್ನು ಮಾತಾಡಿಸಿ ಟಿಪ್ಪಣಿ ಮಾಡಿಕೊಂಡ. ರೊಚ್ಚಿಗೆದ್ದ ಸಹಕೈದಿಗಳೇ ಅದನ್ನು ಸುಟ್ಟುಹಾಕಿದರು. ಆತ ಮತ್ತೆ ಮೊದಲಿನಿಂದ ಸಂಗ್ರಹಿಸಿದ. ಊರಿನಲ್ಲಿ ಬಚ್ಚಿಟ್ಟಿದ್ದ ಆ ಕಾಗದಗಳು ಕಾಣೆಯಾಗಿ, 1928ರಲ್ಲಿ ಹಳೆಯ ಜೇನುಪೆಟ್ಟಿಗೆಯೊಂದರಲ್ಲಿ ಸಿಕ್ಕವು. ಈ ಹಟ ಕೃತಿಯಲ್ಲೂ ಇದೆ. ಒಬ್ಬ ನಾವಿಕನ ನೆನಪಾಗಿ ಮುಗಿಯಬಹುದಾಗಿದ್ದ ಬರಹ, ಇಡೀ ಪಡೆಯ ಸಾಮಾನ್ಯರ ಸಾಕ್ಷ್ಯವಾಗಿ ನಿಂತಿದೆ.

ಪುಸ್ತಕದ ಮೊದಲ ಭಾಗ ಯಾನದ್ದು. 1904ರ ಅಕ್ಟೋಬರಿನಲ್ಲಿ ಬಾಲ್ಟಿಕ್ ಬಿಟ್ಟ ಪಡೆ ಸುಮಾರು 18,000 ಮೈಲು ಸಾಗಬೇಕಿತ್ತು. ಹೊರಟ ಕೆಲವೇ ದಿನಗಳಲ್ಲಿ ಉತ್ತರ ಸಮುದ್ರದಲ್ಲಿ ಬ್ರಿಟಿಷ್ ಬೆಸ್ತರ ದೋಣಿಗಳನ್ನು ಜಪಾನಿನ ಟಾರ್ಪೆಡೊ ದೋಣಿಗಳೆಂದು ಭ್ರಮಿಸಿ ಗುಂಡು ಹಾರಿಸಿತು, ಬೆಸ್ತರು ಸತ್ತರು. ಪಡೆ ಇನ್ನೂ ಮಡಗಾಸ್ಕರ್ ಬಳಿ ಇದ್ದಾಗಲೇ, ಯಾವ ಪೋರ್ಟ್ ಆರ್ಥರನ್ನು ಉಳಿಸಲು ಹೊರಟಿತ್ತೋ ಆ ಬಂದರು ಶತ್ರುವಶವಾಯಿತು. ಆದರೂ ಯಾನ ನಿಲ್ಲಲಿಲ್ಲ. ದಾರಿಯಲ್ಲಿ ಕಲ್ಲಿದ್ದಲು ಸಿಗದೆಂಬ ಭಯದಿಂದ ಜನ ಮಲಗುವ ಜಾಗದಲ್ಲೂ ಅದನ್ನೇ ತುಂಬಿದರು. ಭಾರಕ್ಕೆ ಹಡಗುಗಳು ಎಷ್ಟು ತಗ್ಗಿದವೆಂದರೆ, ಅವನ್ನು ಕಾಯಬೇಕಾದ ಉಕ್ಕಿನ ಕವಚದ ಪಟ್ಟಿಯೇ ನೀರಿನಡಿ ಹೋಯಿತು. ಸೋಲು ಕಾಳಗದ ದಿನ ಬಂದದ್ದಲ್ಲ, ಅದು ದಿನದಿನವೂ ಹಡಗಿಗೆ ತುಂಬಿಕೊಂಡದ್ದು ಎಂಬುದನ್ನು ಲೇಖಕ ಯಾವ ಭಾಷಣವಿಲ್ಲದೆ ತೋರಿಸುತ್ತಾನೆ.

ಎರಡನೆಯ ಭಾಗದಲ್ಲಿ ಕಾಳಗ. ಮೇ 27ರಂದು ಆತನಿಗೆ ಕೆಲಸವಿದ್ದುದು ಗಾಯಾಳುಗಳ ಚಿಕಿತ್ಸಾ ಕೋಣೆಯಲ್ಲಿ. ತೊಗೊನ ಪ್ರಸಿದ್ಧ ತಿರುವು ಅಲ್ಲಿಂದ ಕಾಣುವುದಿಲ್ಲ. ಬಡಿತ ಕೇಳುತ್ತದೆ, ಹಡಗು ನಡುಗುತ್ತದೆ, ಸುಟ್ಟ ದೇಹಗಳು ಕೆಳಗಿಳಿದು ಬರುತ್ತವೆ. 'ಬೊರೊದಿನೊ' ಹಡಗಿನಲ್ಲಿ ಉಳಿದವನು ಒಬ್ಬನೇ. 'ಮೂರನೇ ಅಲೆಕ್ಸಾಂಡರ್'ನಲ್ಲಿ ಒಬ್ಬನೂ ಉಳಿಯಲಿಲ್ಲ. ಎರಡು ದಿನಗಳಲ್ಲಿ ರಷ್ಯದ ಸುಮಾರು 5,000 ಮಂದಿ ಸತ್ತರು. ಜಪಾನ್ ಕಳೆದುಕೊಂಡದ್ದು 117 ಮಂದಿಯನ್ನು. ಇತಿಹಾಸದ ಪುಸ್ತಕಗಳಲ್ಲಿ ಈ ಅಂಕಿಗಳು ತೊಗೊನ ಜಾಣ್ಮೆಗೆ ಪುರಾವೆ. ಇಲ್ಲಿ ಅವಕ್ಕೆ ಮುಖಗಳಿವೆ.

ಕೃತಿಯ ಮಿತಿಯನ್ನೂ ಹೇಳಬೇಕು. ಅಡ್ಮಿರಲ್ ರೊಜೆಸ್ತ್‌ವೆನ್‌ಸ್ಕಿ ಇಲ್ಲಿ ಬರಿಯ ದುಷ್ಟ, ಮೂರ್ಖ. ಅಷ್ಟು ಹಡಗುಗಳನ್ನು ಅಷ್ಟು ದೂರ ಒಟ್ಟಾಗಿ ತಂದವನ ಸಾಮರ್ಥ್ಯಕ್ಕೆ ಸಿಗಬೇಕಾದ ಮನ್ನಣೆ ಸಿಗುವುದಿಲ್ಲ. ಎಲ್ಲ ತಪ್ಪಿಗೂ ಝಾರ್ ಆಳ್ವಿಕೆಯೇ ಉತ್ತರ. 1941ರಲ್ಲಿ ಸ್ಟಾಲಿನ್ ಹೆಸರಿನ ಪ್ರಶಸ್ತಿ ಪಡೆದ ಪುಸ್ತಕದಲ್ಲಿ ಹೊಸ ಪ್ರಭುತ್ವದ ಬಗ್ಗೆ ಅಂಥದೇ ಪ್ರಶ್ನೆಗಳನ್ನು ನಿರೀಕ್ಷಿಸುವಂತಿಲ್ಲ. ಇನ್ನೂ ದೊಡ್ಡ ಕೊರತೆಯೆಂದರೆ, ಎದುರಿನ ಹಡಗಿನ ಕುಲುಮೆಗೆ ಕಲ್ಲಿದ್ದಲು ಸುರಿಯುತ್ತಿದ್ದ ಜಪಾನಿ ಬಡವನ ಪಾಡು ಇಲ್ಲಿ ಕಾಣುವುದೇ ಇಲ್ಲ.

ಇಷ್ಟಾದರೂ ಈ ಪುಸ್ತಕವನ್ನು ಏಷ್ಯಾದ ನಾವು ಓದಲೇಬೇಕು. ನಮ್ಮ ಹಿರಿಯರು ಪೂರ್ವದ ಗೆಲುವೆಂದು ಸಂಭ್ರಮಿಸಿದ್ದು ಯಾವುದನ್ನು? ತೊಗೊನ ಧ್ವಜನೌಕೆ 'ಮಿಕಾಸಾ' ಕಟ್ಟಲ್ಪಟ್ಟದ್ದು ಬ್ರಿಟನ್ನಿನಲ್ಲಿ. ಭಾರತವನ್ನು ಆಳುತ್ತಿದ್ದ ಅದೇ ಬ್ರಿಟನ್ 1902ರಿಂದ ಜಪಾನಿನ ಮಿತ್ರರಾಷ್ಟ್ರ. ಎರಡು ಸಾಮ್ರಾಜ್ಯಗಳು ಕಾದಾಡಿದ್ದು ಕೊರಿಯ ಮತ್ತು ಮಂಚೂರಿಯ ಯಾರ ಹಿಡಿತದಲ್ಲಿರಬೇಕೆಂಬುದಕ್ಕೆ. ಅದೇ ವರ್ಷದ ನವೆಂಬರಿನಲ್ಲಿ ಕೊರಿಯ ಜಪಾನಿನ ರಕ್ಷಿತ ರಾಜ್ಯವಾಯಿತು, 1910ರಲ್ಲಿ ಪೂರ್ತಿ ಜಪಾನಿನ ವಶವಾಯಿತು. ಕೊರಿಯದ ಮನೆಗಳಲ್ಲಿ ತೊಗೊನ ಹೆಸರು ಕೇಳಿ ಯಾರು ಹಿಗ್ಗಿಯಾರು?

ದಬ್ಬಾಳಿಕೆಗೆ ಒಳಗಾದವರು ಇನ್ನೊಬ್ಬನ ಬಲದಲ್ಲಿ ತಮ್ಮ ಬಿಡುಗಡೆ ಕಾಣುವುದು ಅರ್ಥವಾಗುವ ದೌರ್ಬಲ್ಯ. ಆದರೆ ಆ ಬಲ ಯಾರ ಮೇಲೆ ತಿರುಗುತ್ತದೆ ಎಂದು ಕೇಳದಿರುವುದು ಕುರುಡುತನ. ನೋವಿಕೋವ್ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಆದರೆ ಆತನ ಚಿಕಿತ್ಸಾ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದ ಓದುಗ, ಮುಂದೆ ಯಾವ ಗೆಲುವಿನ ಸುದ್ದಿ ಓದಿದಾಗಲೂ ಅದನ್ನು ಕೇಳದೆ ಇರಲಾರ.