ಯೀಸ್ಟ್ ಎಣ್ಣೆ ಮತ್ತು ಹರಿಹರದ ಮರದ ಸಕ್ಕರೆ

ದಾವಣಗೆರೆಯ ದೋಸೆ ಕಾವಲಿಗೂ ಮಿರ್ಚಿ ಕರಿಯುವ ಬಾಣಲೆಗೂ ಯೀಸ್ಟ್‌ನಿಂದ ತೆಗೆದ ಕೊಬ್ಬು ಬಂದೀತೇ? ಬಾಣಲೆಗೆ ಬರಬಹುದು. ರೊಡೊಟೊರುಲಾ, ಲಿಪೊಮೈಸಿಸ್ ಕುಲಗಳ ಕೆಲವು ಯೀಸ್ಟ್‌ಗಳಿಗೆ ಸಕ್ಕರೆ ಧಾರಾಳವಾಗಿ ಕೊಟ್ಟು ಸಾರಜನಕ ಬಿಗಿಹಿಡಿದರೆ, ಹೊಸ ಕೋಶ ಕಟ್ಟಲಾಗದೆ ಅವು ಕೊಬ್ಬು ಕೂಡಿಡುತ್ತವೆ. ಒಣತೂಕದ ಅರ್ಧಕ್ಕೂ ಮೀರಿ ಕೂಡಿಡುವುದುಂಟು. ಆ ಕೊಬ್ಬು ಹೆಚ್ಚುಕಡಿಮೆ ತಾಳೆ ಎಣ್ಣೆಯಂತೆಯೇ. ಬೆಣ್ಣೆಗೆ ಅದರದೇ ಪರಿಮಳ ಕೊಡುವ ಬ್ಯುಟಿರಿಕ್ ಆಮ್ಲ ಅದರಲ್ಲಿಲ್ಲ. ಹಾಗಾಗಿ ಬೆಣ್ಣೆ ದೋಸೆಯವರು ನಿಶ್ಚಿಂತೆಯಿಂದಿರಬಹುದು.

ಈ ಯೀಸ್ಟ್ ಕೊಬ್ಬನ್ನು ನಿರಂತರ ಹುದುಗುವಿಕೆಯಲ್ಲಿ ಮಾಡಬಹುದೆಂಬುದು ಹಳೆಯ ವಿಷಯ. ತೊಟ್ಟಿಗೆ ಒಂದೆಡೆ ಸಕ್ಕರೆ ನೀರು ಹರಿಯುತ್ತಿದ್ದರೆ ಇನ್ನೊಂದೆಡೆ ಅಷ್ಟೇ ಪ್ರಮಾಣದ ಯೀಸ್ಟ್ ರಸ ಹೊರಬರುತ್ತದೆ. ಪ್ರತಿ ಸಲ ತೊಟ್ಟಿ ಬರಿದು ಮಾಡಿ ತೊಳೆಯಬೇಕಿಲ್ಲ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಕಾಲಿನ್ ರ‍್ಯಾಟ್ಲೆಜ್ ಮತ್ತು ಸಂಗಡಿಗರು 1977ರಲ್ಲೇ ಇದರ ಫಲಿತಾಂಶ ಪ್ರಕಟಿಸಿದ್ದರು. ತೊಡಕು ಹರಿವಿನಲ್ಲಿದೆ. ನಿಧಾನ ಮಾಡಿದರೆ ಕೊಬ್ಬು ಹೆಚ್ಚು, ತೊಟ್ಟಿಯ ದುಡಿಮೆ ಕಡಿಮೆ. ಅವಸರ ಮಾಡಿದರೆ ಕೊಬ್ಬು ಕಟ್ಟುವ ಮೊದಲೇ ಕೋಶ ಹೊರಗೆ. ಮದ್ಯಸಾರದ ತೊಟ್ಟಿಯಲ್ಲಿ ಮದ್ಯಸಾರವೇ ಪರಕೀಯ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಎಣ್ಣೆ ಯೀಸ್ಟ್‌ಗೆ ಆ ಕಾವಲೂ ಇಲ್ಲ, ಮೇಲಾಗಿ ಹಗಲೂ ರಾತ್ರಿ ಗಾಳಿ ಊದುತ್ತಿರಬೇಕು.

ನನ್ನ ನಿಜವಾದ ಆಕ್ಷೇಪ ಸಕ್ಕರೆಯದು. 100 ಗ್ರಾಂ ಗ್ಲೂಕೋಸಿನಿಂದ ಲೆಕ್ಕದ ಪ್ರಕಾರವೇ 32 ಗ್ರಾಂ ಆಸುಪಾಸು ಎಣ್ಣೆ. ತೊಟ್ಟಿಯಲ್ಲಿ 20 ಗ್ರಾಂ ಸಿಕ್ಕರೆ ಒಳ್ಳೆಯ ಫಲ. ಅಂದರೆ ಒಂದು ಕಿಲೋ ಎಣ್ಣೆಗೆ ಐದು ಕಿಲೋ ಸಕ್ಕರೆ. ಕುಕ್ಕುವಾಡದ ಸಕ್ಕರೆ ಕಾರ್ಖಾನೆಯ ಕಬ್ಬನ್ನೋ ನಮ್ಮ ರೈತರ ಮೆಕ್ಕೆಜೋಳವನ್ನೋ ಇದಕ್ಕೆ ಸುರಿಯುವುದು ತಪ್ಪು. ಕೋಕೋ ಬೆಣ್ಣೆಯಂಥ ದುಬಾರಿ ಕೊಬ್ಬಿಗಾದರೆ ಹೊಂದೀತು, ಅಡುಗೆ ಎಣ್ಣೆಗೆ ಹೊಂದದು.

ದಾರಿ ಇರುವುದು ಹರಿಹರದ ಹೊಳೆಯಾಚೆ. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಮರದಿಂದ ರೇಯಾನ್ ದರ್ಜೆಯ ಪಲ್ಪ್ ತಯಾರಿಸುತ್ತದೆ. ಅಂಥ ಪಲ್ಪ್‌ಗೆ ಮರದ ಹೆಮಿಸೆಲ್ಯುಲೋಸನ್ನು ಕಳೆಯಲೇಬೇಕು, ಅದನ್ನು ಒಡೆದರೆ ಕ್ಸೈಲೋಸ್ ಸಕ್ಕರೆ ಸಿಗುತ್ತದೆ. ಬ್ರೆಡ್ಡಿನ ಯೀಸ್ಟ್ ಅದನ್ನು ತಿನ್ನಲಾರದು, ಎಣ್ಣೆ ಯೀಸ್ಟ್‌ಗಳಲ್ಲಿ ಹಲವು ತಿನ್ನುತ್ತವೆ. ಅದರ ಜೊತೆಗೇ ಬರುವ ಅಸಿಟಿಕ್ ಆಮ್ಲ, ಫರ್ಫ್ಯುರಾಲ್ ಯೀಸ್ಟ್‌ನ ಕತ್ತು ಹಿಸುಕುತ್ತವೆ. ಪರೀಕ್ಷೆ ನಡೆಯಬೇಕಾದದ್ದು ಅಲ್ಲೇ. ಆದರೆ ಯೀಸ್ಟ್ ಎಣ್ಣೆಗೆಂದು, ಪಲ್ಪ್‌ಗೆ ಬಳಸುವ ನೀಲಗಿರಿಯ ಒಂದು ಸಸಿಯನ್ನೂ ಹೆಚ್ಚಿಗೆ ನೆಡಬಾರದು. 1987ರ ನವೆಂಬರಿನಲ್ಲಿ ಕುಸನೂರಿನ ಜನ ‘ಕಿತ್ತಿಕೊ-ಹಚ್ಚಿಕೊ’ ಎಂದು ನೀಲಗಿರಿ ಕಿತ್ತದ್ದು ಪಲ್ಪಿನ ಹಸಿವು ತಮ್ಮ ಗೋಮಾಳ ನುಂಗಿದ್ದಕ್ಕೆ.

ದಾವಣಗೆರೆ ವಿಶ್ವವಿದ್ಯಾಲಯದ ಸೂಕ್ಷ್ಮಜೀವಶಾಸ್ತ್ರ ವಿಭಾಗದವರೇ, ಬಾಪೂಜಿ ಎಂಜಿನಿಯರಿಂಗ್ ಕಾಲೇಜಿನ ಜೈವಿಕ ತಂತ್ರಜ್ಞಾನದವರೇ, ಶುದ್ಧ ಗ್ಲೂಕೋಸಿನ ಪ್ರಯೋಗ ಸಾಕು. ಮರದ ಆ ಕಂದು ರಸವನ್ನು ತಂದು, ವಾರಗಟ್ಟಲೆ ನಿಲ್ಲಿಸದೆ ತೊಟ್ಟಿ ನಡೆಸಿ, ಸಿಕ್ಕ ಎಣ್ಣೆಯ ಲೆಕ್ಕವನ್ನು ಕನ್ನಡದಲ್ಲಿ ಪ್ರಕಟಿಸಿ.