ಎಲ್ಲರಿಗೂ ಒಂದೇ ಅಳತೆ ಸಾಲದು

ಸೊಲ್ಲಾಪುರದ ಮೆಡಿಕಲ್ ಅಂಗಡಿಗಳಲ್ಲಿ ಕಾಂಡೋಮ್‌ಗೆ ಬರವಿಲ್ಲ. ಸ್ಟ್ರಾಬೆರಿಯೋ ಚಾಕೊಲೇಟೋ, ಚುಕ್ಕಿಯದೋ ಗೆರೆಯದೋ, ತೆಳುವೋ ಅತಿ ತೆಳುವೋ, ಬೇಕಾದಷ್ಟು ಬಗೆಗಳಿವೆ. ಆದರೆ ಅಗಲ ಎಷ್ಟು ಎಂದು ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. ಅಕ್ಕಲಕೋಟೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯ ಕೈಯಿಂದ ಮನೆಗೆ ಬರುವ ಸರ್ಕಾರಿ ಕಾಂಡೋಮ್ ನಿರೋಧ್‌ನಲ್ಲಂತೂ ಬಂದದ್ದೇ ಅಳತೆ. ಕಾಂಡೋಮ್ ಕೊನೆಯತನಕ ಹರಿಯದೆ, ಜಾರದೆ ನಿಲ್ಲುತ್ತದೆಯೇ ಎಂಬುದು ಬಹುಮಟ್ಟಿಗೆ ಈ ಅಗಲದ ಮೇಲೆಯೇ ನಿಂತಿದೆ. ಅರ್ಧ ಶತಮಾನ ದಾಟಿದ ನಮ್ಮ ಹಂಚಿಕೆಯ ಪದ್ಧತಿ ಗೆದ್ದದ್ದೆಲ್ಲಿ, ಸೋತದ್ದೆಲ್ಲಿ ಎಂದು ಈಗಲಾದರೂ ವಿಚಾರಿಸಬೇಕು.

ಗೆದ್ದದ್ದನ್ನು ಮೊದಲು ಹೇಳಬೇಕು. 1968ರಲ್ಲಿ ನಿರೋಧ್ ಮಾರುಕಟ್ಟೆಗೆ ಬಂದಾಗ ಮೂರರ ಪೊಟ್ಟಣಕ್ಕೆ 15 ಪೈಸೆ. ಚಹಾ, ಸಾಬೂನು, ಸಿಗರೇಟು ಮಾರುವ ಕಂಪನಿಗಳ ಜಾಲವನ್ನೇ ಬಳಸಿ ಸರ್ಕಾರ ಅದನ್ನು ಹಳ್ಳಿಯ ಕಿರಾಣಿ ಅಂಗಡಿಯವರೆಗೆ ಮುಟ್ಟಿಸಿತು. ಮರುವರ್ಷ ಜಪಾನಿನ ಒಕಾಮೊಟೊ ಕಂಪನಿಯ ತಂತ್ರಜ್ಞಾನದಿಂದ ತಿರುವನಂತಪುರದಲ್ಲಿ ಹಿಂದುಸ್ತಾನ್ ಲೇಟೆಕ್ಸ್ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅದೇ ಸಂಸ್ಥೆಯ ಇನ್ನೊಂದು ಕಾರ್ಖಾನೆ ನಮ್ಮ ಗಡಿಯ ಕಣಗಲಾದಲ್ಲಿ, ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನಲ್ಲಿದೆ. 2011ರಿಂದ ಆಶಾ ಕಾರ್ಯಕರ್ತೆಯರು ಮೂರರ ಪೊಟ್ಟಣವನ್ನು ಒಂದು ರೂಪಾಯಿಗೆ ಮನೆಬಾಗಿಲಿಗೆ ಒಯ್ಯುವ ಯೋಜನೆಯೂ ಬಂತು. ಕಾರ್ಖಾನೆಯಲ್ಲಿ ಕಾಂಡೋಮ್‌ಗಳನ್ನು ವಿದ್ಯುತ್ ಪರೀಕ್ಷೆಗೆ ಒಡ್ಡಿ ತೂತಿದೆಯೇ ಎಂದು ನೋಡುತ್ತಾರೆ, ಮಾದರಿಗಳಿಗೆ ಗಾಳಿ ತುಂಬಿ ಒಡೆಯುವ ಒತ್ತಡ ಅಳೆಯುತ್ತಾರೆ. ಅಗ್ಗದ ಮಾಲು ಕಳಪೆ ಮಾಲು ಎಂಬ ಜನರ ಅನುಮಾನಕ್ಕೆ ಆಧಾರವಿಲ್ಲ.

ಸೋತದ್ದು ಕಾರ್ಖಾನೆಯ ಆಚೆಗೆ, ಅಳತೆಯ ವಿಚಾರದಲ್ಲಿ. ಅಮೆರಿಕದ ಸಂಶೋಧಕ ರಿಚರ್ಡ್ ಕ್ರಾಸ್ಬಿ ಮತ್ತು ಸಂಗಡಿಗರು 436 ಗಂಡಸರನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಅಳತೆ ಎಷ್ಟು ಮುಖ್ಯ ಎಂಬುದನ್ನು ಸ್ಪಷ್ಟಪಡಿಸುತ್ತದೆ. ಅಳತೆ ಹೊಂದಲಿಲ್ಲ ಎಂದವರಲ್ಲಿ ಕಾಂಡೋಮ್ ಹರಿದ, ಜಾರಿದ ಸಾಧ್ಯತೆ ಉಳಿದವರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು. ನಡುವೆಯೇ ತೆಗೆದುಹಾಕಿದವರೂ ಅವರಲ್ಲೇ ಜಾಸ್ತಿ. ತೊಂದರೆ ಅನುಭವಿಸಿದ ಗಂಡಸು ಅಳತೆಯನ್ನು ದೂರುವುದಿಲ್ಲ. ಕಾಂಡೋಮ್ ಅಂದರೇ ಹೀಗೆ, ಇದರಲ್ಲಿ ಸುಖವಿಲ್ಲ ಎಂದು ತೀರ್ಮಾನಿಸಿ ಕೈಬಿಡುತ್ತಾನೆ.

ನಮ್ಮ ದೇಶದಲ್ಲೂ ಅಳತೆಯ ಮಾತು ಒಮ್ಮೆ ಎದ್ದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1,200ಕ್ಕೂ ಹೆಚ್ಚು ಗಂಡಸರ ಅಳತೆ ತೆಗೆದು, ಅಂತರರಾಷ್ಟ್ರೀಯ ಅಳತೆಯ ಕಾಂಡೋಮ್ ಇಲ್ಲಿಯ ಬಹುಪಾಲು ಜನರಿಗೆ ದೊಡ್ಡದಾಗುತ್ತದೆ ಎಂದಿತು. 2006ರ ಡಿಸೆಂಬರಿನಲ್ಲಿ ಇದು ಜಗತ್ತಿನಾದ್ಯಂತ ಸುದ್ದಿಯಾಯಿತು. ಆದರೆ ಚರ್ಚೆ ಉದ್ದದ ಸುತ್ತಲೇ ಸುತ್ತಿತು, ಗಂಡಸುತನದ ಮಾನ ಅವಮಾನದಲ್ಲಿ ಮುಗಿಯಿತು. ಇದೇ ದೊಡ್ಡ ತಪ್ಪು. ಕಾಂಡೋಮ್ ಉದ್ದವಾದರೆ ಹೆಚ್ಚಾದದ್ದು ಬುಡದಲ್ಲಿ ಸುರುಳಿಯಾಗಿಯೇ ಉಳಿಯುತ್ತದೆ, ಅಷ್ಟೇ. ಅಗಲ ತಪ್ಪಿದರೆ ಹಾಗಲ್ಲ: ಬಿಗಿಯಾದದ್ದು ಹರಿಯುತ್ತದೆ, ಸಡಿಲಾದದ್ದು ಒಳಗೇ ಕಳಚುತ್ತದೆ. ಒಂದು ಒಳ್ಳೆಯ ಅಧ್ಯಯನದಿಂದ ಜನ ಕಲಿಯಬಹುದಾಗಿದ್ದ ಪಾಠ ನಗೆಚಾಟಿಕೆಯಲ್ಲಿ ಕೊಚ್ಚಿಹೋಯಿತು.

ಗಂಡಸು ಕೈಬಿಟ್ಟ ಹೊಣೆಯನ್ನು ಹೊರುವವಳು ಹೆಂಗಸು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಮಹಿಳೆಯರಲ್ಲಿ ಶೇ 37.9ರಷ್ಟು ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಕುಟುಂಬ ಯೋಜನೆಯ ದಾರಿ; ಕಾಂಡೋಮ್ ನೆಚ್ಚಿದ ದಂಪತಿ ಶೇ 9.5 ಮಾತ್ರ. ಆಪರೇಷನ್ ಬಸಿರನ್ನು ತಡೆಯುತ್ತದೆ, ಎಚ್‌ಐವಿಯನ್ನು ತಡೆಯುವುದಿಲ್ಲ. ಪುಣೆ–ಹೈದರಾಬಾದ್ ಹೆದ್ದಾರಿಯೂ ವಿಜಯಪುರದ ಹೆದ್ದಾರಿಯೂ ಕೂಡುವ ಸೊಲ್ಲಾಪುರದಲ್ಲಿ, ತಿಂಗಳುಗಟ್ಟಲೆ ಊರು ಬಿಟ್ಟಿರುವ ಡ್ರೈವರುಗಳ, ಕೂಲಿಕಾರರ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಹಂಚಿಕೆಯ ದಾರಿಯಲ್ಲೇ ಇನ್ನೊಂದು ಕೊರತೆಯಿದೆ. ಆಶಾ ಕಾರ್ಯಕರ್ತೆ ಮಾತಾಡುವುದು ಮನೆಯ ಹೆಂಗಸಿನೊಂದಿಗೆ. ಕಾಂಡೋಮ್ ತೊಡುವ ಗಂಡಸು ಆ ಮಾತಿನಲ್ಲಿ ಇರುವುದೇ ಇಲ್ಲ. ಬಿಗಿಯೋ ಸಡಿಲೋ ಎಂದು ಗಂಡನ ಪರವಾಗಿ ಆಕೆ ಹೇಳುವುದಾದರೂ ಹೇಗೆ? ಆರೋಗ್ಯ ಇಲಾಖೆಯ ಗಂಡು ನೌಕರರು ಕಟಿಂಗ್ ಅಂಗಡಿ, ಗ್ಯಾರೇಜು, ಢಾಬಾಗಳಲ್ಲಿ ಗಂಡಸರೊಂದಿಗೆ ಕೂತು ಈ ಮಾತು ಆಡಬೇಕು. ಅಕ್ಕಲಕೋಟೆಯ ಕನ್ನಡದ ಮನೆಗಳಿಗೆ ಅದು ಕನ್ನಡದಲ್ಲೇ ಮುಟ್ಟಬೇಕು.

ಅಳತೆ ನೋಡಿಕೊಳ್ಳುವುದು ಕಷ್ಟವಲ್ಲ. ಉದ್ರೇಕಗೊಂಡಾಗ ಶಿಶ್ನದ ದಪ್ಪ ಭಾಗದ ಸುತ್ತ ದರ್ಜಿಯ ಟೇಪನ್ನೋ ದಾರವನ್ನೋ ಹಿಡಿದು ಸುತ್ತಳತೆ ನೋಡಬೇಕು. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಮಿಲಿಮೀಟರಿನಲ್ಲಿ ಕಾಣುವ ಅಗಲ, ಕಾಂಡೋಮನ್ನು ಚಪ್ಪಟೆಯಾಗಿ ಇಟ್ಟಾಗಿನ ಅಗಲ. ಅದು ಸುತ್ತಳತೆಯ ಅರ್ಧಕ್ಕಿಂತ ತುಸು ಕಡಿಮೆ ಇದ್ದರೆ ಹಿತ. ಸುತ್ತಳತೆ 11 ಸೆಂಟಿಮೀಟರ್ ಇದ್ದವರಿಗೆ ಸುಮಾರು 49, 12 ಇದ್ದವರಿಗೆ 52–53, 13ರ ಹತ್ತಿರ ಇದ್ದವರಿಗೆ 56 ಅಥವಾ ಇನ್ನೂ ಅಗಲದ್ದು. ಇಳಿಸಲು ಕಷ್ಟವಾದರೆ, ಬುಡದಲ್ಲಿ ಗಾಯದಂಥ ಗುರುತು ಮೂಡಿದರೆ, ಜೋಮು ಹಿಡಿದರೆ ಅದು ಬಿಗಿ. ಮಡಿಕೆ ಬಿದ್ದರೆ, ಜಾರಿದರೆ ಸಡಿಲು. ತುದಿಯ ಗಾಳಿಯನ್ನು ಹಿಂಡಿ ತೊಡಬೇಕು. ಹೊರಬರುವಾಗ ಬುಡದ ಉಂಗುರವನ್ನು ಹಿಡಿದುಕೊಳ್ಳಬೇಕು. ತುರಿಕೆ ಬಂದರೆ ಲೇಟೆಕ್ಸ್ ಅಲರ್ಜಿಯೇ ಎಂದು ವೈದ್ಯರನ್ನು ಕೇಳಬೇಕು. ಲೇಟೆಕ್ಸ್ ಅಲ್ಲದವೂ ಇವೆ.

ಸರಿಯಾದ ಅಳತೆಯದೂ ಕೆಡಬಹುದು. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೈಕಿನ ಡಿಕ್ಕಿಯಲ್ಲೋ ಪಾಕೀಟಿನಲ್ಲೋ ಇಟ್ಟ ರಬ್ಬರು ಸತ್ವ ಕಳೆದುಕೊಳ್ಳುತ್ತದೆ. ಕೊಬ್ಬರಿ ಎಣ್ಣೆ, ಕುಸುಬಿ ಎಣ್ಣೆ, ವ್ಯಾಸಲಿನ್ ತಾಗಿದರೆ ಲೇಟೆಕ್ಸ್ ನಿಮಿಷಗಳಲ್ಲಿ ದುರ್ಬಲವಾಗುತ್ತದೆ. ಜಾರಿಕೆ ಬೇಕೆಂದರೆ ನೀರಿನ ಆಧಾರದ ಜೆಲ್ಲನ್ನೇ ಹಚ್ಚಬೇಕು. ಒಂದರ ಮೇಲೊಂದು ತೊಡುವುದು ರಕ್ಷಣೆಯಲ್ಲ, ಅಪಾಯ.

ಅಮೆರಿಕದ ಪೇಟೆಗೆ 2017ರಲ್ಲಿ 60 ಅಳತೆಗಳ ಕಾಂಡೋಮ್ ಬಂತು. ಅಷ್ಟು ನಮಗೆ ಬೇಡ. ಬಡ ದೇಶಗಳ ಸರ್ಕಾರಿ ಖರೀದಿಗೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ರೂಪಿಸಿದ ನಿಯಮದಲ್ಲೇ 49 ಮತ್ತು 53 ಮಿ.ಮೀ. ಎಂಬ ಎರಡು ಅಗಲಗಳಿವೆ. ನಮ್ಮ ಸರ್ಕಾರಿ ಹಂಚಿಕೆಯಲ್ಲೂ ಎರಡು ಅಗಲ ಇರಲಿ, ಅಂಕಿ ಪೊಟ್ಟಣದ ಮುಂಭಾಗದಲ್ಲಿ ದೊಡ್ಡದಾಗಿ ಕಾಣಲಿ. ಕಾಂಡೋಮ್ ಮನೆ ಮುಟ್ಟಿಸುವುದರಲ್ಲಿ ನಮ್ಮ ಪದ್ಧತಿ ಗೆದ್ದಿದೆ, ಮೈಗೆ ಹೊಂದಿಸುವುದರಲ್ಲಿ ಸೋತಿದೆ. ಸರ್ಕಾರ ತಿದ್ದಿಕೊಳ್ಳುವತನಕ ಕಾಯಬೇಡಿ. ಮುಂದಿನ ಸಲ ಮೆಡಿಕಲ್‌ನಲ್ಲಿ ಪರಿಮಳ ಕೇಳುವ ಮೊದಲು ಅಗಲ ಕೇಳಿ. ಅದು ನಾಚಿಕೆಯ ಮಾತಲ್ಲ. ನಿಮ್ಮ ಮತ್ತು ನಿಮ್ಮ ಸಂಗಾತಿಯ ಆರೋಗ್ಯದ ಮಾತು.