ಹತ್ತು ನಿಮಿಷದ ಟೆಸ್ಟ್ ರೈಡ್, ಹತ್ತು ವರ್ಷದ ಗಾಡಿ

ಇನ್ನೂರು ರೂಪಾಯಿ ಟಿಕೆಟ್ ತಗೊಂಡು ನೋಡಿದ ಸಿನಿಮಾದ ಬಗ್ಗೆ ನಾವು ಎರಡು ದಿನ ಜಗಳ ಆಡ್ತೀವಿ. ಫಸ್ಟ್ ಹಾಫ್ ಎಳೆದಿದಾರೆ, ಕ್ಲೈಮ್ಯಾಕ್ಸ್ ಸಪ್ಪೆ ಅಂತ ಎಲ್ಲಾ ಲೆಕ್ಕ ಹಾಕ್ತೀವಿ. ಅದೇ ಜನ ನಾಲ್ಕು ಲಕ್ಷದ ಬೈಕನ್ನ ಹತ್ತು ನಿಮಿಷ ಓಡಿಸಿ, ಹೆಲ್ಮೆಟ್ ತೆಗೆಯೋ ಮೊದಲೇ "ಸಖತ್ತಾಗಿದೆ ಗುರೂ" ಅಂತ ಹೇಳಿ ಬುಕಿಂಗ್ ದುಡ್ಡು ಕಟ್ಟಿ ಬರ್ತೀವಿ. ಆದ್ದರಿಂದ ಈ ಸಲ ಬೈಕುಗಳಿಗಿಂತ ಮೊದಲು, ಟೆಸ್ಟ್ ರೈಡ್ ಅನ್ನೋ ಪದ್ಧತಿಯನ್ನೇ ಸ್ವಲ್ಪ ವಿಮರ್ಶೆ ಮಾಡೋಣ ಅಂತ.

ನಾನು ಬೆಂಗಳೂರಲ್ಲಿ ಕೆಲಸ ಮಾಡೋನು, ಊರು ಭದ್ರಾವತಿ ಕಡೆ. ಊರಿಗೆ ಬಂದ ಕೆಲವು ವಾರಾಂತ್ಯಗಳಲ್ಲಿ ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ನಾಲ್ಕು ಗಾಡಿ ಓಡಿಸಿದೆ. ರಾಯಲ್ ಎನ್‌ಫೀಲ್ಡ್‌ನ ಮೀಟಿಯರ್ 350, ಹಿಮಾಲಯನ್ 450, ಇಂಟರ್‌ಸೆಪ್ಟರ್ 650, ಮತ್ತೆ ಕೆಟಿಎಂ 390 ಅಡ್ವೆಂಚರ್. ಮೊದಲು ಎಲ್ಲವನ್ನೂ ಶೋರೂಮಿನ ಲೆಕ್ಕದಲ್ಲಿ, ಅಂದ್ರೆ ಹತ್ತು ಹತ್ತು ನಿಮಿಷ ಓಡಿಸಿದೆ. ಆಮೇಲೆ ಗೆಳೆಯರನ್ನ ಕಾಡಿ ಬೇಡಿ, ಪೆಟ್ರೋಲ್ ಹಾಕಿಸಿಕೊಟ್ಟು, ಅವೇ ಗಾಡಿಗಳನ್ನ ಎರಡೆರಡು ಗಂಟೆ ಓಡಿಸಿದೆ. ಎರಡೂ ಸಲ ನಂಬರ್ ಕೊಟ್ಟೆ. ಎರಡು ಪಟ್ಟಿಗೂ ಸಂಬಂಧವೇ ಇರಲಿಲ್ಲ.

ಮೊದಲು "ದೊಡ್ಡ ಗಾಡಿ" ಅಂದ್ರೆ ಏನು ಅಂತ ಇತ್ಯರ್ಥ ಮಾಡಿಕೊಳ್ಳೋಣ. ಅಮೆರಿಕದಲ್ಲಿ ಟೂರಿಂಗ್ ಬೈಕ್ ಅಂದ್ರೆ ಹೋಂಡಾ ಗೋಲ್ಡ್ ವಿಂಗ್ ತರದ್ದು: 1833 ಸಿಸಿ, ಆರು ಸಿಲಿಂಡರ್, ತೂಕ ಮುನ್ನೂರೈವತ್ತು ಕೆಜಿಗೂ ಮೇಲೆ. ಅದನ್ನ ನಮ್ಮ ಗಾಂಧಿ ಬಜಾರ್ ಒಳಗೆ ತಿರುಗಿಸಬೇಕಾದ್ರೆ ಸಕ್ರೆಬೈಲಿನಿಂದ ಆನೆ ಕರೆಸಬೇಕಾಗತ್ತೆ. ನಮ್ಮ ಅಪ್ಪಂದಿರ ಕಾಲಕ್ಕೆ 250 ಸಿಸಿಯ ಯೆಜ್ಡಿಯೇ ದೊಡ್ಡ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಬೈಕುಗಳವು. ಆಗ ಟೆಸ್ಟ್ ರೈಡ್ ಅನ್ನೋ ಮಾತೇ ಹಳ್ಳಿ ಕಡೆ ಇರಲಿಲ್ಲ, ಆದ್ರೆ ಪರೀಕ್ಷೆ ಇತ್ತು. ಊರಿಗೊಂದು ಗಾಡಿ ಇರೋದು. ಅದು ಮಳೆಗಾಲದಲ್ಲಿ ಎಷ್ಟು ಸಲ ಕೈಕೊಡ್ತು, ಗೊಬ್ಬರದ ಚೀಲ ಹೇರಿದ್ರೆ ಹೆಂಗೆ ಎಳೀತು, ಎಲ್ಲವನ್ನೂ ಇಡೀ ಊರು ವರ್ಷಗಟ್ಟಲೆ ನೋಡಿರೋದು. ಎರಡನೇ ಗಾಡಿ ತಗೊಳ್ಳೋನಿಗೆ ಅದೇ ಟೆಸ್ಟ್ ರಿಪೋರ್ಟು.

ಈಗ ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಒಳಗಿನ ಬೈಕಿಗೆ ಜಿಎಸ್‌ಟಿ ನೂರಕ್ಕೆ 18, ಅದು ದಾಟಿದ್ರೆ 40. ತೆರಿಗೆಗೆ ಮುಂಚೆ ಎರಡು ಲಕ್ಷ ಇರೋ ಗಾಡಿ ಮೊದಲನೇ ಲೆಕ್ಕದಲ್ಲಿ 2 ಲಕ್ಷ 36 ಸಾವಿರ, ಎರಡನೇ ಲೆಕ್ಕದಲ್ಲಿ 2 ಲಕ್ಷ 80 ಸಾವಿರ. ಇದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ, ಲಕ್ಷ ರೂಪಾಯಿ ದಾಟಿದ ದ್ವಿಚಕ್ರಕ್ಕೆ ನೂರಕ್ಕೆ 18, ಮತ್ತೆ ಸೆಸ್ಸು, ಇನ್ಶೂರೆನ್ಸು. 450 ಸಿಸಿಯ ಗಾಡಿ ರಸ್ತೆಗಿಳಿಯೋ ಹೊತ್ತಿಗೆ ನಾಲ್ಕು ಲಕ್ಷದ ಹತ್ತಿರ ಬಂದಿರತ್ತೆ. ನಮ್ಮ ಕಡೆ ಅರ್ಥ ಆಗೋ ಹಂಗೆ ಹೇಳೋದಾದ್ರೆ, ಎರಡು ಕ್ವಿಂಟಾಲ್ ತೂಗೋ ಗಾಡಿಗೆ ಆರೇಳು ಕ್ವಿಂಟಾಲ್ ರಾಶಿ ಅಡಿಕೆ. ಸಣ್ಣ ತೋಟದೋರ ಮನೆಯಲ್ಲಿ ಅದು ವರ್ಷದ ದುಡಿಮೆ. ಇಷ್ಟು ದೊಡ್ಡ ತೀರ್ಮಾನಕ್ಕೆ ಹತ್ತು ನಿಮಿಷ ಸಾಕಾ ಅನ್ನೋದೇ ನನ್ನ ಪ್ರಶ್ನೆ.

ಆ ಹತ್ತು ನಿಮಿಷದಲ್ಲಿ ಏನಾಗತ್ತೆ ನೋಡಿ. ಡಿಎಲ್ ಜೆರಾಕ್ಸ್ ಇಸ್ಕೊತಾರೆ, ಗಾಡಿಗೆ ಏನಾದ್ರೂ ಆದ್ರೆ ನಿಮ್ಮದೇ ಜವಾಬ್ದಾರಿ ಅನ್ನೋ ಕಾಗದಕ್ಕೆ ಸಹಿ ಹಾಕಿಸ್ಕೊತಾರೆ. ಗಾಡಿಯನ್ನ ಅವರೇ ಹೊರಗೆ ತಂದು, ರಸ್ತೆ ಕಡೆ ಮುಖ ಮಾಡಿ ನಿಲ್ಲಿಸಿರ್ತಾರೆ. ನೀವು ಕೂತು ಸ್ಟಾರ್ಟ್ ಮಾಡೋದಷ್ಟೇ. ಬಿ.ಎಚ್. ರಸ್ತೆಯಲ್ಲಿ ನೆಟ್ಟಗೆ ಹೋಗಿ, ಮುಂದಿನ ಬಂಕಿನ ಹತ್ತಿರ ಯೂ ಟರ್ನ್ ಮಾಡಿ ವಾಪಸ್. ದಾರಿಯಲ್ಲಿ ಒಂದು ಸಲ ಎಕ್ಸಲೇಟರ್ ತಿರುಗಿಸ್ತೀರಿ, ಹೊಟ್ಟೆಯಲ್ಲಿ ಚಿಟ್ಟೆ ಹಾರತ್ತೆ, ಮುಗೀತು. ಇಂಜಿನ್ನು ಸರಿಯಾಗಿ ಬಿಸಿಯಾಗೋ ಹೊತ್ತಿಗೆ ನಿಮ್ಮ ರೈಡು ಮುಗಿದಿರತ್ತೆ. ನಿಮ್ಮ ಸೊಂಟ ಮಾತಾಡಬೇಕಾದ್ರೆ ಕನಿಷ್ಠ ನಲವತ್ತು ನಿಮಿಷ ಬೇಕು. ಅದಕ್ಕೆ ಬಾಯಿ ತೆರೆಯೋ ಅವಕಾಶವೇ ಸಿಗಲ್ಲ.

ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಹ್ಯಾಪಿ ಪಾತ್ ಟೆಸ್ಟಿಂಗ್ ಅಂತೀವಿ. ಎಲ್ಲಾ ಸರಿಯಾಗಿದ್ದಾಗ ಸರಿಯಾಗಿ ಓಡತ್ತಾ ಅಂತ ಮಾತ್ರ ನೋಡೋದು. ಕಸ್ಟಮರ್ ಮುಂದೆ ಡೆಮೊ ಕೊಡೋಕೆ ಅದು ಸಾಕು. ರಾತ್ರಿ ಎರಡು ಗಂಟೆಗೆ ಫೋನ್ ಬರೋದು ಆ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಏನೋ ಆದಾಗ. ಟೂರಿಂಗ್ ಬೈಕಿನ ಕಥೆಯೂ ಅಷ್ಟೇ. ಅದು ಎಂಬತ್ತರ ಸ್ಪೀಡಲ್ಲಿ ನೆಟ್ಟಗಿನ ರಸ್ತೆಯಲ್ಲಿ ಚೆನ್ನಾಗೇ ಇರತ್ತೆ, ಅದಕ್ಕೇ ಮಾಡಿರೋದು. ಕಷ್ಟ ಕೊಡೋದು ನಿಂತಾಗ, ನಿಧಾನವಾಗಿ ಹೋಗುವಾಗ, ಹಿಂದೆ ಒಬ್ಬರು ಕೂತಾಗ.

ವಿಡಿಯೋ ರಿವ್ಯೂಗಳು ಈ ಕೊರತೆ ತುಂಬ್ತವಾ ಅಂದ್ರೆ, ಅದೂ ಇಲ್ಲ. ಲಡಾಖಿನ ಕಣಿವೆ, ಮೇಲಿಂದ ಡ್ರೋನ್ ಶಾಟ್, "ಪವರ್ ಡೆಲಿವರಿ ಬೆಣ್ಣೆ ತರ" ಅನ್ನೋ ಒಂದೇ ಉಪಮೆ. ಓಡಿಸೋನು ಆರಡಿ ಹುಡುಗ, ಹಿಂದೆ ಯಾರೂ ಇಲ್ಲ. ಅವನು ಸೀಟ್ ಎತ್ತರ 825 ಮಿಲಿಮೀಟರ್ ಅಂತ ಓದಿ ಮುಂದೆ ಹೋಗ್ತಾನೆ. ಐದಡಿ ಐದಿಂಚಿನ ನನಗೆ ಆ ಒಂದು ಸಂಖ್ಯೆಯಲ್ಲೇ ಇಡೀ ರಿವ್ಯೂ ಇದೆ. ಜಲ್ಲಿ ಇರೋ ಕಡೆ ಗಾಡಿ ನಿಲ್ಲಿಸಿದಾಗ ಪಾದ ಪೂರ್ತಿ ನೆಲಕ್ಕೆ ತಾಗತ್ತೋ, ಬರೀ ಬೆರಳೋ? ಎರಡು ಕ್ವಿಂಟಾಲ್ ಒಂದು ಕಡೆ ವಾಲಿದ್ರೆ ಬರೀ ಬೆರಳಿನ ಮೇಲೆ ಹಿಡಿಯೋಕಾಗಲ್ಲ. ಕಾಲು ಸಿಕ್ಕಿಹಾಕ್ಕೊಳ್ಳೋದು ಹೆಚ್ಚಾಗಿ ಹಿಂಗೇ, ಸ್ಪೀಡಲ್ಲಿ ಅಲ್ಲ, ಮನೆ ಅಂಗಳದಲ್ಲಿ.

ಹಂಗಾದ್ರೆ ಪರೀಕ್ಷೆ ಹೆಂಗಿರಬೇಕು? ನಮಗೆ ದೂರ ಹೋಗಬೇಕಾಗಿಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಹೋಗಿ ಬಂದ್ರೆ ನಲವತ್ತು. ಒಂದು ಟೂರಿಂಗ್ ಗಾಡಿಗೆ ಬೇಕಾದ ಪರೀಕ್ಷೆ ಬಹುಪಾಲು ಈ ದಾರಿಯಲ್ಲೇ ಇದೆ.

ಮೊದಲನೇದು ಇಂಜಿನ್ ಆಫ್ ಮಾಡಿಯೇ ಮಾಡಬೇಕಾದ್ದು. ಗಾಡಿ ಪಾರ್ಕಿಂಗ್‌ನಲ್ಲಿ ಇದ್ದ ಹಾಗೇ ಇರಲಿ, ನೀವೇ ಹೊರಗೆ ತೆಗೀರಿ. ಸ್ವಲ್ಪ ಇಳಿಜಾರಿದ್ದ ಕಡೆ ಮೇಲ್ಮುಖವಾಗಿ ಹಿಂದಕ್ಕೆ ತಳ್ಳಿ ನೋಡಿ. ಮೀಟಿಯರ್ 191 ಕೆಜಿ, ಹಿಮಾಲಯನ್ 196 ಕೆಜಿ. ಕಾಗದದ ಮೇಲೆ ಐದೇ ಕೆಜಿ ವ್ಯತ್ಯಾಸ. ಆದ್ರೆ ಮೀಟಿಯರ್ ಸೀಟು 765 ಮಿಲಿಮೀಟರ್, ತೂಕ ಕೆಳಗಿದೆ, ಕೂತುಕೊಂಡೇ ಕಾಲಲ್ಲಿ ಹಿಂದಕ್ಕೆ ತಳ್ಳಬಹುದು. ಎತ್ತರದ ಗಾಡಿಯಾದ್ರೆ ನನ್ನಂಥವನು ಇಳಿದೇ ತಳ್ಳಬೇಕು. ಈ ವ್ಯತ್ಯಾಸ ಯಾವ ಬ್ರೋಷರ್‌ನಲ್ಲೂ ಬರಲ್ಲ.

ಎರಡನೇದು ಪೇಟೆ. ಸಂಜೆ ಆರರ ಹೊತ್ತಿಗೆ ಗೋಪಿ ಸರ್ಕಲ್, ಅಮೀರ್ ಅಹ್ಮದ್ ಸರ್ಕಲ್, ನೆಹರೂ ರಸ್ತೆ ಸುತ್ತಿ ಬನ್ನಿ. ಇಲ್ಲಿ ಎರಡನೇ ಗೇರಲ್ಲಿ, ಅರ್ಧ ಕ್ಲಚ್ಚಲ್ಲಿ ಕಾಲು ಗಂಟೆ. ಇಂಜಿನ್ನಿನ ಎಳೆತ ಎಷ್ಟು ಅನ್ನೋದಕ್ಕಿಂತ ಎಲ್ಲಿ ಸಿಗತ್ತೆ ಅನ್ನೋದು ಇಲ್ಲಿ ಗೊತ್ತಾಗತ್ತೆ. ಮೀಟಿಯರಿನ ಟಾರ್ಕ್ 27 ನ್ಯೂಟನ್ ಮೀಟರ್, ಆದ್ರೆ ಅದು 4,000 ಆರ್‌ಪಿಎಂಗೇ ಪೂರ್ತಿ ಸಿಗತ್ತೆ. ಹಿಮಾಲಯನ್ನಿಗೆ 40, ಸಿಗೋದು 5,500ಕ್ಕೆ. ಕೆಟಿಎಂಗೆ 39, ಅದು 6,500ಕ್ಕೆ. ಅಂದ್ರೆ ಹಸು ಅಡ್ಡ ಬಂದು, ಆಟೋ ಎಡಕ್ಕೆ ನುಗ್ಗಿ, ನೀವು ಹದಿನೈದು ಕಿಲೋಮೀಟರ್ ಸ್ಪೀಡಿಗೆ ಇಳಿದಾಗ, ಜಾಸ್ತಿ ಶಕ್ತಿ ಇರೋ ಗಾಡಿಗೇ ಜಾಸ್ತಿ ಗೇರ್ ಬದಲಿಸಬೇಕು.

ಮೂರನೇದು ಹೈವೇ. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ದಾಟಿ ಭದ್ರಾವತಿ ಕಡೆ. ಇಲ್ಲಿ ಲೆಕ್ಕ ತಿರುಗಿ ಬೀಳತ್ತೆ. ಲಾರಿ ಹಿಂದೆ ಎಪ್ಪತ್ತರಲ್ಲಿ ಹೋಗ್ತಾ ಇರ್ತೀರಿ, ಎದುರಿಗೆ ಬಸ್ಸು ಬರೋದು ಕಾಣ್ತಾ ಇರತ್ತೆ. ಓವರ್‌ಟೇಕ್ ಮಾಡೋಕೆ ಎಷ್ಟು ಸೆಕೆಂಡ್ ಬೇಕು ಅನ್ನೋದು ಇಲ್ಲಿ ಜೀವದ ಪ್ರಶ್ನೆ. ಮೀಟಿಯರಿನ ಇಪ್ಪತ್ತು ಹಾರ್ಸ್‌ಪವರ್ ಇಲ್ಲಿ ಕಾಯೋದು ಕಲಿಸತ್ತೆ. ಇಂಟರ್‌ಸೆಪ್ಟರ್‌ನ 648 ಸಿಸಿ ಜೋಡಿ ಸಿಲಿಂಡರ್, 47 ಪಿಎಸ್, ಯಾವ ಗೇರಲ್ಲಿದ್ರೂ ಸುಮ್ಮನೆ ಎಳ್ಕೊಂಡು ಹೋಗತ್ತೆ. ಇಂಜಿನ್ ಒಂದನ್ನೇ ನೋಡಿದ್ರೆ ನಾಲ್ಕರಲ್ಲಿ ಅದೇ ಮೇಲು, ಎರಡು ಮಾತಿಲ್ಲ. ಭದ್ರಾವತಿ ಒಳಗೆ ಕಬ್ಬಿಣದ ಕಾರ್ಖಾನೆ ಕಡೆಯ ರಸ್ತೆಗಳಲ್ಲಿ ಒಂದು ಸುತ್ತು ಹಾಕಿ, ಗುಂಡಿ ಬಂದಾಗ ಸೊಂಟಕ್ಕೆ ಏನನ್ನಿಸತ್ತೆ ನೋಡಿ. ವಾಪಸ್ ಬರುವಾಗ ಕತ್ತಲಾಗಿರಲಿ, ಹೆಡ್‌ಲೈಟ್ ಪರೀಕ್ಷೆಯೂ ಆಗತ್ತೆ.

ನಾಲ್ಕನೇದು, ಯಾರೂ ಮಾಡದ್ದು. ಹಿಂದೆ ಕೂರೋರನ್ನ ಕರ್ಕೊಂಡು ಹೋಗಿ. ನಾನು ಅಮ್ಮನ್ನ ಕೂರಿಸ್ಕೊಂಡಿದ್ದೆ. ನನ್ನ ಕನಸಿನಲ್ಲಿ ಈ ಗಾಡಿ ಆಗುಂಬೆಯ 14 ತಿರುವು ಇಳಿಯತ್ತೆ, ನಿಜದಲ್ಲಿ ಅದು ಅಮ್ಮನ್ನ ಭದ್ರಾವತಿಗೆ, ಆಸ್ಪತ್ರೆಗೆ, ನೆಂಟರ ಮನೆ ಗೃಹಪ್ರವೇಶಕ್ಕೆ ಕರ್ಕೊಂಡು ಹೋಗತ್ತೆ. ಅವಳು ಸೀರೆಯಲ್ಲಿ ಒಂದೇ ಕಡೆ ಕಾಲು ಹಾಕಿ ಕೂರೋಳು. ಕೈಗೆ ಹಿಡಿಕೆ, ಕಾಲಿಡೋಕೆ ಜಾಗ, ಹಿಂದಿನ ಚಕ್ರದ ಅರ್ಧಭಾಗ ಮುಚ್ಚೋ ಗಾರ್ಡ್, ಇವು ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳತ್ತೆ. ಆದ್ರೆ ಗಾಡಿ ಮನೆಗೆ ಬಂದ ಮೊದಲ ವಾರವೇ ನಮ್ಮ ಹುಡುಗರು "ಲುಕ್ ಹಾಳಾಗತ್ತೆ" ಅಂತ ಸೀರೆ ಗಾರ್ಡ್ ಬಿಚ್ಚಿಸ್ತಾರೆ. ಗಾಡಿಯಿಂದ ಅಮ್ಮನ್ನ ಇಳಿಸೋ ಮೊದಲ ಹೆಜ್ಜೆ ಅದು. ಎತ್ತರದ ಅಡ್ವೆಂಚರ್ ಗಾಡಿಗಳಿಗೆ ಅವಳು ಹತ್ತೋದೇ ಒಂದು ಸಾಹಸ. ಮೀಟಿಯರ್ ಮೇಲೆ ಕೂತು ಸ್ವಲ್ಪ ದೂರ ಹೋದ ಮೇಲೆ "ಇದು ಪರವಾಗಿಲ್ಲ ಮಾರಾಯ, ಕಾಲಿಡೋಕೆ ಜಾಗ ಇದೆ" ಅಂದ್ಲು. ನಾನು ಓದಿದ ಎಲ್ಲಾ ರಿವ್ಯೂಗಳಿಗಿಂತ ಇದು ಉಪಯೋಗಕ್ಕೆ ಬಂತು.

ಈಗ ನಂಬರ್. ಹತ್ತು ನಿಮಿಷದ ಪಟ್ಟಿಯಲ್ಲಿ ಕೆಟಿಎಂ ಮೊದಲು, ಇಂಟರ್‌ಸೆಪ್ಟರ್ ಎರಡು, ಹಿಮಾಲಯನ್ ಮೂರು, ಮೀಟಿಯರ್ ಕೊನೆ. ಎರಡು ಗಂಟೆಯ ಪಟ್ಟಿಯಲ್ಲಿ ಮೀಟಿಯರ್ ಮೊದಲು, ಹಿಮಾಲಯನ್ ಎರಡು, ಇಂಟರ್‌ಸೆಪ್ಟರ್ ಮೂರು, ಕೆಟಿಎಂ ಕೊನೆ. ಹೆಚ್ಚುಕಮ್ಮಿ ತಲೆಕೆಳಗು! ಕೆಟಿಎಂ ಕೆಟ್ಟ ಗಾಡಿ ಅಂತ ಅರ್ಥ ಅಲ್ಲ. ಒಂಟಿಯಾಗಿ ಓಡಿಸೋ, ಉದ್ದ ಕಾಲಿನ, ಇಂಜಿನ್ನನ್ನ ಕೂಗಿಸೋಕೆ ಇಷ್ಟಪಡೋನಿಗೆ ಅದು ಹಬ್ಬ. ಇಂಟರ್‌ಸೆಪ್ಟರ್ ಅದ್ಭುತ ಇಂಜಿನ್ನಿನ ಗಾಡಿ, ಆದ್ರೆ ಎದುರುಗಾಳಿಗೆ ಗಾಜಿಲ್ಲ, ಟ್ಯಾಂಕು 13.7 ಲೀಟರ್. ಟೂರಿಂಗ್ ಅನ್ನೋದನ್ನ ನೀವೇ ಅದಕ್ಕೆ ಜೋಡಿಸಬೇಕು. ತಿಂಗಳಿಗೆರಡು ಸಲ ಘಾಟಿ, ತೋಟದ ಕಚ್ಚಾ ರಸ್ತೆ ಇದ್ರೆ ಹಿಮಾಲಯನ್ನೇ ಸರಿ: 17 ಲೀಟರ್ ಟ್ಯಾಂಕು, ಮುಂದೆ 21 ಇಂಚಿನ ಚಕ್ರ. ಆದ್ರೆ ಶುರುವಿನಲ್ಲಿ ಅದು ಟ್ಯೂಬ್ ಇರೋ ಟೈರಿನ ಜತೆ ಬಂದಿತ್ತು, ಟ್ಯೂಬ್‌ಲೆಸ್ ಆಮೇಲೆ ಬಂದ ಆಯ್ಕೆ. ನಿಮಗೆ ಕೊಡ್ತಿರೋದು ಯಾವುದು ಅಂತ ಕೇಳಿ. ರಾತ್ರಿ ಮಂಡಗದ್ದೆ ಹತ್ತಿರ ಪಂಚರ್ ಆದಾಗ ಕೇಳೋ ಪ್ರಶ್ನೆ ಅಲ್ಲ ಅದು.

ಶೋರೂಮಿನೋರ ಕಡೆಯಿಂದಲೂ ಒಂದು ಮಾತಿದೆ. ತಗೊಳ್ಳೋ ಮನಸ್ಸೇ ಇಲ್ಲದೆ ರೀಲ್ಸ್ ಮಾಡೋಕೆ ಬರೋರು ಬೇಕಾದಷ್ಟು ಜನ. ಒಂದು ಡೆಮೊ ಗಾಡಿ ಬಿದ್ರೆ ಅವರಿಗೇ ನಷ್ಟ. ಎಲ್ಲರಿಗೂ ಎರಡು ಗಂಟೆ ಕೊಡಿ ಅಂದ್ರೆ ನ್ಯಾಯ ಅಲ್ಲ. ಆದ್ರೆ ಬ್ಯಾಂಕಿನೋರು ಲೋನ್ ಮಂಜೂರು ಮಾಡಿದ ಪತ್ರ ತೋರಿಸೋನಿಗೆ, ಸಾವಿರ ರೂಪಾಯಿ ಡಿಪಾಸಿಟ್ ಇಡೋನಿಗೆ ಭದ್ರಾವತಿವರೆಗೆ ಬಿಡೋಕೆ ಏನು ಕಷ್ಟ? ಪಕ್ಕದಲ್ಲಿ ಇನ್ನೊಂದು ಗಾಡಿಯಲ್ಲಿ ತಮ್ಮ ಹುಡುಗನ್ನ ಕಳಿಸಲಿ. ಅದೂ ಆಗಲ್ಲ ಅಂದ್ರೆ ದೊಡ್ಡ ಊರುಗಳಲ್ಲಿ ಕಪ್ಪು ಬೋರ್ಡಿಗೆ ಹಳದಿ ಅಕ್ಷರದ ಬಾಡಿಗೆ ಬೈಕುಗಳು ಸಿಗ್ತವೆ. ಒಂದು ದಿನದ ಬಾಡಿಗೆ ಕೊಟ್ಟು ಓಡಿಸಿ. ನಾಲ್ಕು ಲಕ್ಷದ ಎದುರು ಆ ಖರ್ಚು ಏನೂ ಅಲ್ಲ.

ಒಂದೇ ಮಾತು ನೆನಪಿಟ್ಕೊಳ್ಳಿ. ಗಾಡಿ ನಿಮ್ಮನ್ನ ಖುಷಿಪಡಿಸತ್ತಾ ಅಂತ ನೋಡೋಕೆ ಹತ್ತು ನಿಮಿಷ ಸಾಕು. ನಿಮ್ಮ ಮನೆಗೆ ಹೊಂದತ್ತಾ ಅಂತ ನೋಡೋಕೆ ಒಂದು ಸಂಜೆ ಬೇಕು. ಆ ಸಂಜೆ ಸಿಗದೇ ಇದ್ರೆ ಬುಕಿಂಗ್ ಫಾರಂ ಟೇಬಲ್ ಮೇಲೇ ಬಿಟ್ಟು ಎದ್ದು ಬನ್ನಿ. ಗಾಡಿ ಎಲ್ಲೂ ಓಡಿಹೋಗಲ್ಲ, ಬರೋ ವಾರವೂ ಅಲ್ಲೇ ಇರತ್ತೆ.